ಚಂದುವಿನ ಪಾಲಿನ ದುಡ್ಡು

ಜನವರಿ 19, ಭಾನುವಾರ

ಸೊಸೈಟಿಯವರು ಪ್ರತಿವರ್ಷ ಒಂದು ಡೈರಿ ಕೊಡುತ್ತಾರೆ. ನಾನು ಅದರಲ್ಲಿ ಹಾಲಿನ ಲೆಕ್ಕ ಬರೆದು ಮಾರ್ಚ್ ಹೊತ್ತಿಗೆ ಮೂಲೆಗೆ ಹಾಕುತ್ತೇನೆ. ಈ ವರ್ಷ ಹಾಗಲ್ಲ. ಈ ವರ್ಷ ನನಗೊಂದು ದೊಡ್ಡ ಕೆಲಸ ಇದೆ, ಅದನ್ನು ಯಾರ ಹತ್ತಿರವೂ ಪೂರ್ತಿ ಹೇಳುವಂತಿಲ್ಲ. ಗಂಡನ ಹತ್ತಿರವಂತೂ ಹೇಳುವಂತಿಲ್ಲ, ಏಕೆಂದರೆ ಆ ಕೆಲಸವೇ ಅವನು.

ಬೋಟಿನಲ್ಲಿದ್ದ ಚಂದುವಿನ ಪಾಲು ನಿನ್ನೆ ಮಾರಾಟವಾಯಿತು. ಹನ್ನೆರಡು ಲಕ್ಷ. ಕಳೆದ ಆಗಸ್ಟಿನಲ್ಲಿ, ಹೊಳೆ ಕಡಲಿಗೆ ಸೇರುವ ಅಳಿವೆಯ ಬಾಯಲ್ಲಿ, ಅದೇ ಬೋಟು ಮಗುಚಿತ್ತು. ಚಂದು ಖಾಲಿ ಡೀಸೆಲ್ ಕ್ಯಾನನ್ನು ಅಪ್ಪಿಕೊಂಡು ದಡಕ್ಕೆ ಬಂದ. ಅವನ ಜೊತೆ ಹುಡುಗನಾಗಿದ್ದಾಗಿನಿಂದ ಕಡಲಿಗೆ ಹೋಗುತ್ತಿದ್ದ ಕರಿಯ ಬರಲಿಲ್ಲ. ಆ ದಿನ ಬಂದರಿನ ಕಟ್ಟೆಯ ಮೇಲೆ ನಿಂತು ನಾನು ಮಾಡಿದ ತೀರ್ಮಾನ ಒಂದೇ: ಈ ಮನುಷ್ಯನನ್ನು ಇನ್ನು ನೀರಿಗೆ ಬಿಡುವುದಿಲ್ಲ.

ಚಂದು ಮಾತ್ರ ಹಾಗೆ ತೀರ್ಮಾನ ಮಾಡಿಲ್ಲ. ನಿನ್ನೆ ಊಟ ಮಾಡುತ್ತಾ ಅಂದ: "ದುಡ್ಡ್ ನೀನೇ ಇಟ್ಕೋ, ನಿನ್ ಹೆಸ್ರಲ್ಲೇ ಇರ್ಲಿ. ಈ ಮಳ್ಗಾಲ ಮುಗುವರಿಗೆ ನಾ ಎಂತದೂ ಕೇಂತಿಲ್ಲೆ. ಆಗಸ್ಟಿಗೆ ಬೋಟ್ ಕಡ್ಲಿಗ್ ಇಳಿತ್ತಲೆ, ಅಷ್ಟೊತ್ತಿಗೆ ನಿನ್ ದುಡ್ಡ್ ಮನಿ ನಡ್ಸುತ್ತಾ ಕಾಂಬ. ಇಲ್ದಿರೆ ಬೈಂದೂರಿನ್ ಅಣ್ಣಯ್ಯನ ಬೋಟಿಗೆ ಪಾಲ್ ಹಾಕಿ ನಾ ಹೋಪವನೇ."

ಆಗಲಿ ಅಂದೆ. ತಲ್ಲೂರಿನ ಹೈವೇ ಪಕ್ಕ ಇಷ್ಟು ವರ್ಷದಿಂದ ಮೀನಿನ ಅಂಗಡಿ ನಡೆಸುತ್ತಿದ್ದೇನೆ. ಗಂಗೊಳ್ಳಿಯ ಏಲಂನಲ್ಲಿ ಕಿವಿರು ಎತ್ತಿ ನೋಡದೆ ನಾನು ಒಂದು ಮೀನನ್ನೂ ತಂದವಳಲ್ಲ. ನನ್ನ ಕಣ್ಣಿಗೆ ಮಣ್ಣೆರಚಿ ಹಳಸಲು ದಾಟಿಸಿದವನು ಇನ್ನೂ ಹುಟ್ಟಿಲ್ಲ. ಹನ್ನೆರಡು ಲಕ್ಷವನ್ನು ಎಲ್ಲಿಡಬೇಕು ಎಂದು ನೋಡಿಕೊಳ್ಳುವುದು ನನಗೆ ಏನು ದೊಡ್ಡ ವಿಷಯ?

ಜನವರಿ 26, ಭಾನುವಾರ

ಬ್ರಹ್ಮಾವರದಿಂದ ಮಗಳು ಧನ್ಯಶ್ರೀ ಬಂದಿದ್ದಳು. ಅಲ್ಲಿ ಆಡಿಟರ್ ಆಫೀಸಿನಲ್ಲಿ ಕೆಲಸ ಅವಳಿಗೆ. ಮಾತು ಶುರುವಾದರೆ ತಾಯಿಗೇ ಪಾಠ ಮಾಡುತ್ತಾಳೆ, ಯಾರ ಮಗಳು!

ನಾನು ಮೊದಲೇ ವಿಚಾರಿಸಿಟ್ಟಿದ್ದೆ. ಸರ್ಕಾರದ ಬಾಂಡ್ ಎಂದು ಒಂದಿದೆ. ನಾವು ಸರ್ಕಾರಕ್ಕೆ ಸಾಲ ಕೊಟ್ಟ ಹಾಗೆ. ವರ್ಷಕ್ಕೆ ಎರಡು ಸಲ ಬಡ್ಡಿ ಬ್ಯಾಂಕಿಗೆ ಬಂದು ಬೀಳುತ್ತದೆ, ಅಸಲನ್ನು ಏಳು ವರ್ಷ ಮುಟ್ಟುವ ಹಾಗಿಲ್ಲ. ಆ ಏಳು ವರ್ಷದ ಮಾತು ಕೇಳಿದ ಕೂಡಲೇ ನನಗೆ ಬಹಳ ಇಷ್ಟವಾಯಿತು. ಏಳು ವರ್ಷದ ಮೇಲೆ ಚಂದುವಿಗೆ ಅರವತ್ತು ದಾಟಿರುತ್ತದೆ. ಆಮೇಲೆ ಯಾವ ಬೋಟಿನವರು ಇವನನ್ನು ಕರೆಯುತ್ತಾರೆ? ಹನ್ನೆರಡೂ ಅದಕ್ಕೇ ಹಾಕಿಬಿಡು ಅಂದೆ ಮಗಳಿಗೆ.

"ಪೂರಾ ಬಾಂಡಿಗೆ ಹಾಕುಕೆ ಆತಿಲ್ಲೆ ಅಮ್ಮ," ಅಂದಳು. "ಬಡ್ಡಿ ಬತ್ತ್, ಸರಿ. ಆರೆ ಸಾಮಾನಿನ್ ರೇಟ್ ವರ್ಷ ವರ್ಷ ಏರ್ತ್. ಹತ್ತ್ ವರ್ಷ ಕಳ್ದ್ ಮೇಲೆ ಇದೇ ಬಡ್ಡಿಗೆ ಅರ್ಧ ಬುಟ್ಟಿ ಮೀನೂ ಬತ್ತಿಲ್ಲೆ. ಒಂದ್ ಭಾಗ ಬೆಳುದಕ್ಕೂ ಬಿಡ್ಕ್."

ಬೆಳೆಯುವುದು ಎಂದರೆ ಷೇರು. ಅದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬೋಟಿಗೆ ನಾಲ್ಕು ಜನ ಪಾಲು ಹಾಕುತ್ತಾರೆ, ಮೀನು ಬಂದರೆ ನಾಲ್ವರಿಗೂ ಬಂತು, ಬಲೆ ಹರಿದರೆ ನಾಲ್ವರಿಗೂ ಹರಿಯಿತು. ಕಂಪೆನಿಯ ಪಾಲೂ ಅಷ್ಟೇ. ಒಂದೇ ಕಂಪೆನಿಯ ಪಾಲು ಬೇಡ, ಹತ್ತಾರು ಕಂಪೆನಿಗಳ ಪಾಲನ್ನು ಕಲೆಹಾಕಿದ ಫಂಡ್ ಬೇಕು ಅನ್ನುವುದೂ ನನಗೆ ಗೊತ್ತಿತ್ತು. ಪೇಪರಿನಲ್ಲಿ ಕಳೆದ ವರ್ಷ ಅತಿ ಹೆಚ್ಚು ಲಾಭ ಬಂದ ನಾಲ್ಕು ಫಂಡುಗಳಿಗೆ ಗುರುತು ಹಾಕಿ ಇಟ್ಟಿದ್ದೆ. ನಾಲ್ಕು ಕಡೆ ಇಟ್ಟರೆ ನಾಲ್ಕು ಪಟ್ಟು ಭದ್ರ.

ಧನ್ಯಶ್ರೀ ಆ ನಾಲ್ಕರ ಒಳಗೆ ಯಾವ ಯಾವ ಕಂಪೆನಿಗಳಿವೆ ಎಂದು ಫೋನಿನಲ್ಲಿ ತೆಗೆದು ತೋರಿಸಿದಳು. ಅದೇ ಬ್ಯಾಂಕು, ಅದೇ ಎಣ್ಣೆ ಕಂಪೆನಿ, ಅದೇ ಸಾಫ್ಟ್‌ವೇರ್ ಕಂಪೆನಿ. ನಾಲ್ಕರಲ್ಲೂ ಅವೇ ಹೆಸರು, ಹಿಂದೆ ಮುಂದೆ ಅಷ್ಟೇ.

"ಒಂದೇ ಬೋಟಿನ ಬಂಗ್ಡಿ ನಾಕ್ ಬುಟ್ಟಿಗೆ ಹಾಕಿ, ನಾಕ್ ನಮ್ನಿ ಮೀನ್ ಇತ್ತ್ ಅಂತ ಹೇಳ್ದಂಗ್ ಆಯ್ತಲೆ ಅಮ್ಮ!"

ನಗು ಬಂತು. ತೋರಿಸಲಿಲ್ಲ. ಕೊನೆಗೆ ಹೀಗೆ ನಿಶ್ಚಯವಾಯಿತು: ಆರು ಲಕ್ಷ ಏಳು ವರ್ಷದ ಬಾಂಡಿಗೆ. ಎರಡು ಲಕ್ಷ ಸಣ್ಣ ಅವಧಿಯ ಬಾಂಡುಗಳ ಫಂಡಿಗೆ, ಬೇಕಾದಾಗ ತೆಗೆಯಬಹುದು, ಆಸ್ಪತ್ರೆ ಗೀಸ್ಪತ್ರೆ ಎಂದರೆ ಇರಲಿ. ನಾಲ್ಕು ಲಕ್ಷ ಷೇರಿಗೆ, ದೇಶದ ದೊಡ್ಡ ದೊಡ್ಡ ಕಂಪೆನಿಗಳೆಲ್ಲ ಸೇರಿದ ಒಂದೇ ಒಂದು ಇಂಡೆಕ್ಸ್ ಫಂಡ್. ಅದನ್ನು ಆರಿಸಿದ್ದು ನಾನೇ ಅನ್ನಬೇಕು, ಏಕೆಂದರೆ ಖರ್ಚು ಎಷ್ಟು ಹಿಡಿಯುತ್ತಾರೆ ಎಂದು ಕೇಳಿದವಳು ನಾನು.

ಚಂದು ಜಗುಲಿಯಲ್ಲಿ ಕುಳಿತು ಬಲೆ ಹೆಣೆಯುತ್ತಿದ್ದ. ಯಾರ ಬಲೆಯೋ. ನಮ್ಮದೊಂದೂ ಇಲ್ಲವಲ್ಲ ಈಗ.

ಫೆಬ್ರವರಿ 11, ಮಂಗಳವಾರ

ಕೆಲಸ ಮುಗಿಯಿತು. ಕುಂದಾಪುರದ ಬ್ಯಾಂಕಿನಲ್ಲಿ ಬಾಂಡಿನ ಫಾರಂ ತುಂಬಿದೆ, ಎರಡು ಫಂಡುಗಳನ್ನು ಧನ್ಯಶ್ರೀ ನನ್ನ ಫೋನಿನಲ್ಲೇ ಮಾಡಿಕೊಟ್ಟಳು. ಕೌಂಟರಿನಲ್ಲಿದ್ದವನು ಚಂದುವಿನ ಮುಖ ನೋಡಿಯೇ ಎಲ್ಲ ವಿವರಿಸುತ್ತಿದ್ದ. ಪ್ರಶ್ನೆ ಕೇಳುತ್ತಿದ್ದವಳು ನಾನು, ಉತ್ತರ ಹೋಗುತ್ತಿದ್ದುದು ಅವನಿಗೆ. ಚಂದು ಫ್ಯಾನು ನೋಡುತ್ತಾ ಕುಳಿತಿದ್ದ. ಕೊನೆಗೆ, "ಹ್ವಾಯ್, ಅವ್ಳಿಗ್ ಹೇಳಿ ಮಾರಾಯ್ರೆ, ನಂಗ್ ಎಂತ ಗೊತ್ತಾತ್ತ್?" ಅಂದ. ಆಮೇಲೆ ಸರಿಯಾಯಿತು.

ಇವನನ್ನು ಅಂಗಡಿಗೆ ಹಾಕಿಕೊಂಡು ಮೂರು ವಾರವಾಯಿತು. ಇದರಷ್ಟು ನಷ್ಟದ ವ್ಯವಹಾರವನ್ನು ನಾನು ಜನ್ಮದಲ್ಲಿ ಮಾಡಿಲ್ಲ. ಇವತ್ತು ಒಬ್ಬರು ಕಾರು ನಿಲ್ಲಿಸಿ ಅಂಜಲ್ ಫ್ರೆಶ್ಶಾ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಚಂದು, "ನಿನ್ನಿದ್, ಬ್ಯಾಡ, ತಕಣ್ಬ್ಯಾಡಿ" ಅಂದುಬಿಟ್ಟ. ಐಸಿನಲ್ಲಿಟ್ಟ ಅಂಜಲ್ ಒಂದು ರಾತ್ರಿಗೆ ಎಲ್ಲಿ ಹಾಳಾಗುತ್ತದೆ? ಕಾರು ಹೋಯಿತು.

"ಕಡ್ಲಂಗ್ ಹಿಡ್ದವ್ನಿಗೆ ಐಸಿನ್ ಮೀನ್ ಕಂಡ್ರೆ ಬೇಜಾರ್ ಆತ್ತ್," ಅನ್ನುತ್ತಾನೆ.

ಬೇಜಾರಾಗಲಿ. ಬೇಜಾರಿನಿಂದ ಯಾರೂ ಮುಳುಗಿ ಸತ್ತಿಲ್ಲ. ಚಹಾ ಕುಡಿಯಲು ಹೋದವನು ಸ್ವಲ್ಪ ತಡಮಾಡಿದರೂ ನಾನು ಫೋನು ಮಾಡುತ್ತೇನೆ. ತಲ್ಲೂರಿನಲ್ಲಿ ಯಾವ ಕಡಲಿದೆ ಎಂದು ಪಕ್ಕದ ತರಕಾರಿ ಅಂಗಡಿಯ ಪದ್ದು ನಗುತ್ತಾಳೆ. ಅವಳಿಗೇನು, ಅವಳ ಗಂಡ ಸೋರೆಕಾಯಿ ತೂಗುತ್ತಾನೆ.

ಮಾರ್ಚ್ 3, ಸೋಮವಾರ

ಷೇರು ಇಳಿಯುತ್ತಿದೆ. ಇನ್ನೂ ತಿಂಗಳೂ ಆಗಿಲ್ಲ! ಧನ್ಯಶ್ರೀ, ನೋಡಬೇಡ ಅನ್ನುತ್ತಾಳೆ. ನೋಡದೆ ಹೇಗಿರುವುದು? ದಿನಕ್ಕೆ ಒಂದು ಸಲ ಮಾತ್ರ ನೋಡುತ್ತೇನೆ, ಬೆಳಿಗ್ಗೆ ಒಂದು ಸಲ, ಮತ್ತೆ ಅಂಗಡಿ ಮುಚ್ಚುವಾಗ.

ಬಂಗುಡೆ ಚೆನ್ನಾಗಿ ಬರುತ್ತಿದೆ. ಹೆಚ್ಚು ಬರೆಯಲು ಪುರುಸೊತ್ತಿಲ್ಲ.

ಏಪ್ರಿಲ್ 7, ಸೋಮವಾರ

ಇವತ್ತು ನಾನು ಮಾಡಿದ ಕೆಲಸವನ್ನು ಬರೆದಿಡಬೇಕು, ಮುಂದೆ ಧನ್ಯಶ್ರೀಯ ಮಕ್ಕಳು ಓದಲಿ.

ಬೆಳಿಗ್ಗೆ ಏಲಂ ಮುಗಿಸಿ ಬಂದು ಎದುರಿನ ಹೋಟೆಲಿನಲ್ಲಿ ಚಹಾ ಕುಡಿಯುವಾಗ ಟಿವಿಯ ತುಂಬ ಕೆಂಪು. ಪ್ರಪಂಚದ ಮಾರ್ಕೆಟ್ಟೆಲ್ಲ ಒಟ್ಟಿಗೇ ಬಿದ್ದಿದೆಯಂತೆ. ಅಮೆರಿಕದವರ ಸುಂಕವಂತೆ, ಜಗಳವಂತೆ. ಫೋನು ತೆಗೆದು ನೋಡಿದರೆ ನನ್ನ ನಾಲ್ಕು ಲಕ್ಷ ನಾಲ್ಕು ಲಕ್ಷವಾಗಿ ಉಳಿದಿಲ್ಲ. ಹೋಟೆಲಿನಲ್ಲಿ ಕುಳಿತವರು ಇನ್ನೂ ಬೀಳುತ್ತದೆ, ಇದು ಬರೀ ಶುರು ಎಂದು ಮಾತಾಡಿಕೊಳ್ಳುತ್ತಿದ್ದರು.

ಏಲಂನಲ್ಲಿ ಬೆಳೆದವಳಿಗೆ ಇಂಥ ಹೊತ್ತಿನಲ್ಲಿ ಯಾರೂ ಬುದ್ಧಿ ಹೇಳಬೇಕಾಗಿಲ್ಲ. ಬೆಲೆ ಬೀಳಲು ಶುರುವಾದ ಮೀನನ್ನು ಹೆಗಲ ಮೇಲೆ ಹೊತ್ತುಕೊಂಡು ನಿಲ್ಲಬಾರದು. ಹನ್ನೊಂದು ಗಂಟೆಗೆ ಇನ್ನೂರು ರೂಪಾಯಿಗೆ ಕೇಳಿದ್ದನ್ನು ಒಂದು ಗಂಟೆಗೆ ನೂರೈವತ್ತಕ್ಕೆ ಕೊಟ್ಟವಳು ಜಾಣೆ. ಹಟಮಾಡಿ ಇಟ್ಟುಕೊಂಡವಳು ಸಂಜೆ ಗೊಬ್ಬರದವನಿಗೆ ಕೊಡುತ್ತಾಳೆ. ಮಧ್ಯಾಹ್ನ ಮೂರರೊಳಗೆ ಒತ್ತಿದರೆ ಇವತ್ತಿನದೇ ಬೆಲೆ ಎಂದು ಫೋನಿನಲ್ಲಿ ಇತ್ತು. ಎರಡೂವರೆಗೆ ಒತ್ತಿದೆ. ಇಂಡೆಕ್ಸ್ ಫಂಡ್ ಪೂರ್ತಿ ಮಾರಿ ಕೈ ತೊಳೆದುಕೊಂಡೆ.

ಸ್ವಲ್ಪ ಹೋಯಿತು, ಹೋಗಲಿ. ಉಳಿದದ್ದು ಉಳಿಯಿತಲ್ಲ. ಚಂದುವಿಗೆ ಹೇಳಲಿಲ್ಲ, ದುಡ್ಡು ಬ್ಯಾಂಕಿಗೆ ಬರುತ್ತದೆ ಎಂದು ಗೊತ್ತಾದರೆ ಅಣ್ಣಯ್ಯನ ಬೋಟಿನ ಧ್ಯಾನ ಶುರುವಾಗುತ್ತದೆ. ಮಗಳಿಗೂ ಹೇಳಲಿಲ್ಲ. ಭಾನುವಾರ ಅವಳೇ ನೋಡಿ ಬೆರಗಾಗಲಿ.

ಮೇ 4, ಭಾನುವಾರ

ಬೆರಗಾದಳು.

ಅವಳಿಗೆ ಈ ನಡುವೆ ಬರಲು ಆಗಿರಲಿಲ್ಲ, ಆಡಿಟಿನ ಗಲಾಟೆ. ಇವತ್ತು ಬಂದು ಫೋನು ನೋಡಿ, "ಅಮ್ಮ, ನಾಕ್ ಲಕ್ಷ ಎಲ್ಲಿ?" ಎಂದು ಕೇಳಿದಳು. ಹೆಮ್ಮೆಯಿಂದಲೇ ಹೇಳಿದೆ. ಅವಳು ಒಂದು ಗೆರೆಯ ಚಿತ್ರ ತೆಗೆದು ತೋರಿಸಿದಳು. ನಾನು ಮಾರಿದ ದಿನ ಗೆರೆ ಗುಂಡಿಯ ತಳದಲ್ಲಿದೆ. ಅಲ್ಲಿಂದ ಎದ್ದು ಮೇಲೆ ಹೋದದ್ದು ಹೋದದ್ದೇ. ಸುಮ್ಮನೆ ಇಟ್ಟಿದ್ದರೆ ಇವತ್ತು ಹಾಕಿದ ದುಡ್ಡೂ ಬಂದು, ಮೇಲೆ ಲಾಭವೂ ಇರುತ್ತಿತ್ತು.

"ಮೀನ್ ಸಂಜಿಗೆ ಉಳುಕಾಗ ಅಂತ ನಂಗೂ ಗೊತ್ತಿತ್ತಮ್ಮ. ಆರೆ ಇದ್ ಬಂಗ್ಡಿ ಅಲ್ಲ ಹಳ್ಸುಕೆ! ಆ ಕಂಪೆನಿಗಳೆಲ್ಲ ಅಲ್ಲೇ ಇತ್ತ್, ದಿನಾ ಬಾಗ್ಲ್ ತೆಗಿತೋ, ವ್ಯಾಪಾರ ಮಾಡ್ತೋ. ಕೇಂಬವ್ರ್ ಕಡ್ಮಿ ರೇಟಿಗ್ ಕೇಂಡ್ರ್ ಅಷ್ಟೆ. ನೀ ಎಂತಕ್ಕೆ ಕೊಟ್ಟೆ?"

ಸಂತೆಯಲ್ಲಿ ಎಲ್ಲರೆದುರು ತಕ್ಕಡಿ ತಿರುಗಿಸಿ ತೋರಿಸಿದ ಹಾಗಾಯಿತು. ಒಳಗೆ ಹೋಗಿ ಪಾತ್ರೆ ತೊಳೆದೆ. ತೊಳೆದ ಪಾತ್ರೆಗಳೇ ಅವು.

ಮೇ 5, ಸೋಮವಾರ

ಅಂಗಡಿ. ಮೂರು ಬುಟ್ಟಿ. ಯಾರ ಹತ್ತಿರವೂ ಮಾತು ಬೇಡ.

ಮೇ 18, ಭಾನುವಾರ

ಚಂದುವಿಗೆ ಎಲ್ಲ ಗೊತ್ತಾಗಿತ್ತು. ಅಪ್ಪ ಮಗಳು ಫೋನಿನಲ್ಲಿ ಮಾತಾಡಿಕೊಂಡಿದ್ದಾರೆ. ಎರಡು ವಾರ ಬಾಯಿ ಬಿಡದವನು ಇವತ್ತು ಮೀನು ಹೆಚ್ಚುತ್ತಾ ಕೇಳಿದ.

"ಷೇರ್ ಬೀಳ್ವತಿಗೆ ಹೆದ್ರಿಕಿ ಆಯ್ತಾ?"

"ಹೆದ್ರಿಕಿ ಎಂತದ್ದ್? ರೇಟ್ ಬಿತ್ತ್, ಕೊಟ್ಟೆ."

"ಹಂಗಲ್ಲ ಹೆಣೆ. ಬಲಿ ಹಾಕಿ ಆಯ್ತಲೆ. ಬಲಿ ಹಾಕದ್ ಮೇಲೆ ಕಾಯ್ಕ್. ಗಳ್ಗಿಗೊಂದ್ ಸಲ ಎಳ್ದ್ ಕಂಡ್ರೆ ಇಪ್ಪ ಮೀನೂ ಓಡ್ತ್." ಅವನ ದನಿಯಲ್ಲಿ ಗೇಲಿ ಇರಲಿಲ್ಲ. "ನಾವ್ ಎಷ್ಟ್ ರಾತ್ರಿ ಬರೀ ನೀರ್ ಕಂಡ್ಕಂಡ್ ಕೂಕಂಡಿದಿತ್, ಗೊತ್ತಿತ್ತಾ ನಿಂಗೆ? ಕರಿಯ ಪದ ಹೇಳ್ತಿದ್ದ."

ಆಗಸ್ಟಿನಿಂದ ಈಚೆಗೆ ಅವನು ಕರಿಯನ ಹೆಸರು ಎತ್ತಿದ್ದು ಇದೇ ಮೊದಲು. ಇಷ್ಟು ವರ್ಷ ಇವನು ತಂದದ್ದನ್ನು ಮಾರಿದ್ದೇನೆ, ಅಲ್ಲಿ ಇವನು ಕುಳಿತು ಮಾಡುವುದೇನು ಎಂದು ಕೇಳಿರಲಿಲ್ಲ.

ಸಂಜೆ ಹೊಸ ಏರ್ಪಾಡು ಮಾಡಿದೆ. ಮಾರಿದ ದುಡ್ಡು ಮತ್ತೆ ಅದೇ ಇಂಡೆಕ್ಸ್ ಫಂಡಿಗೆ, ಈ ಸಲ ಒಟ್ಟಿಗೆ ಅಲ್ಲ, ತಿಂಗಳು ತಿಂಗಳು ಒಂದಿಷ್ಟರಂತೆ ತಾನಾಗಿಯೇ ಹೋಗುವ ಹಾಗೆ. ಬಿದ್ದ ತಿಂಗಳು ಹೆಚ್ಚು ಪಾಲು ಸಿಗುತ್ತದೆ, ಏರಿದ ತಿಂಗಳು ಕಡಿಮೆ. ಇದು ನನ್ನ ತಲೆಗೆ ಚೆನ್ನಾಗಿ ಹತ್ತಿತು. ಆಮೇಲೆ ಇನ್ನೊಂದು ಕೆಲಸ. ಫೋನನ್ನು ಚಂದುವಿನ ಕೈಗೆ ಕೊಟ್ಟು, ಆ ಆ್ಯಪಿನ ಪಾಸ್‌ವರ್ಡ್ ಬದಲಾಯಿಸು, ನನಗೆ ಹೇಳಬೇಡ ಅಂದೆ. ಇವನಿಂದ ಕಾಪಾಡಲು ಇಟ್ಟ ದುಡ್ಡಿನ ಬೀಗದ ಕೈ ಇವನಿಗೇ ಕೊಟ್ಟೆಯಲ್ಲ ಎಂದು ಯಾರಾದರೂ ನಗಬಹುದು. ನಗಲಿ. ಯಾವ ಕೆಲಸಕ್ಕೆ ಯಾರು ಸರಿಯೋ ಅವರಿಗೆ ಕೊಡುವುದು ವ್ಯವಹಾರ.

ಅವನು ಬೆನ್ನು ತಿರುಗಿಸಿ ಕುಳಿತು ಬಹಳ ಹೊತ್ತು ಒತ್ತಿದ. ಬೆರಳು ದಪ್ಪ.

ಜೂನ್ 14, ಶನಿವಾರ

ಬೋಟುಗಳೆಲ್ಲ ದಡದಲ್ಲಿ. ಜೂನ್ ಜುಲೈ ಎರಡು ತಿಂಗಳು ಯಾಂತ್ರಿಕ ಬೋಟುಗಳಿಗೆ ಕಡಲು ಬಂದ್. ಏಲಂ ಇಲ್ಲ, ಹೊಳೆಮೀನು ಸ್ವಲ್ಪ, ಉಳಿದದ್ದು ಒಣಮೀನು. ಬೇಸಿಗೆಯಲ್ಲಿ ಒಣಗಿಸಿ ಕಟ್ಟಿಟ್ಟ ಸಿಗಡಿ, ನಂಗು ಮೀನು ಈಗ ಚೀಲದಿಂದ ಇಳಿಯುತ್ತಿವೆ. ಮಳೆ ಜೋರಾದಷ್ಟೂ ಒಣಮೀನಿಗೆ ಗಿರಾಕಿ.

ಚಂದು ಒಣಮೀನನ್ನು ನನಗಿಂತ ಚೆನ್ನಾಗಿ ಮಾರುತ್ತಾನೆ! ಇದರ ಬಗ್ಗೆ ಸುಳ್ಳು ಹೇಳುವ ಅಗತ್ಯವಿಲ್ಲವಲ್ಲ, ಅದಕ್ಕೇ ಇರಬೇಕು. ನಡುನಡುವೆ ರಸ್ತೆಯ ಆಚೆ, ಪಶ್ಚಿಮಕ್ಕೆ ಮುಖ ಮಾಡಿ ನಿಲ್ಲುತ್ತಾನೆ. ಅಲ್ಲಿಂದ ಕಡಲು ಕಾಣುವುದಿಲ್ಲ.

ಜುಲೈ 1, ಮಂಗಳವಾರ

ಬಂತು! ಬೆಳಿಗ್ಗೆ ಗಂಜಿ ಉಣ್ಣುವಾಗ ಫೋನು ಟಣ್ ಅಂದಿತು, ಬಾಂಡಿನ ಬಡ್ಡಿ. ಕೇರಿಯ ಯಾರ ಮನೆಗೂ ನಾಲ್ಕು ಕಾಸು ಬಾರದ ಆಷಾಢದಲ್ಲಿ ನಮ್ಮ ಮನೆಗೆ ಸರ್ಕಾರ ಬಡ್ಡಿ ಕಟ್ಟಿದೆ. ಇದು ನಮ್ಮ ಒಣಮೀನು. ಬಿಸಿಲಿನಲ್ಲಿ ಕಟ್ಟಿಟ್ಟದ್ದು ಮಳೆಯಲ್ಲಿ ಇಳಿಯಿತು.

ಚಂದುವಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದ. "ಸರಿ ಇತ್ತ್ ಮಾರಾಯ್ತಿ. ನಿನ್ ಲೆಕ್ಕ ಸರಿ ಇತ್ತ್," ಅಂದ. ಖುಷಿಯಿಂದ ಹೇಳಿದನೋ, ಬೇರೇನೋ, ಗೊತ್ತಾಗಲಿಲ್ಲ. ನನಗೆ ಗೆದ್ದ ಹಾಗೆ ಅನ್ನಿಸಿತು. ಕೋಳಿ ತಂದು ಸಾರು ಮಾಡಿದೆ.

ಜುಲೈ 22, ಮಂಗಳವಾರ

ಬೈಂದೂರಿನಿಂದ ಬೋಟಿನ ಯಜಮಾನ ಅಣ್ಣಯ್ಯ ಬಂದಿದ್ದ. ಕೊಡೆ ಮಡಚುವ ಮೊದಲೇ ವಿಷಯ ಶುರು. ಅವನ ಬೋಟಿನ ಪಾಲುದಾರನೊಬ್ಬ ಬಿಟ್ಟು ಹೋಗುತ್ತಿದ್ದಾನೆ, ಐದು ಲಕ್ಷಕ್ಕೆ ಪಾಲು ಖಾಲಿ ಇದೆ, ಆಗಸ್ಟ್ ಒಂದಕ್ಕೆ ಇಳಿಯುವುದು.

"ಬೋಟ್ ನಡ್ಸುಕೆ ನಿನ್ನಂಥ ತಾಂಡೇಲ ನಂಗ್ ಎಲ್ಲಿ ಸಿಕ್ಕುದ್ ಚಂದಣ್ಣ? ಅಂಗ್ಡೆಂಗ್ ಮೀನ್ ಕೊಯ್ಕಂಡ್ ಕೂಕಂಬ್ ಜನವಾ ನೀನ್? ತಿಂಗ್ಳ್ ಕಡಿಗೆ ಹೇಳ್ದ್ರೆ ಸಾಕ್."

ನಾನು ಒಳಗೆ ಚಹಾ ಕಾಯಿಸುತ್ತಿದ್ದೆ. ಚಂದು ಉತ್ತರ ಹೇಳಿದ್ದು ಕೇಳಿಸಲಿಲ್ಲ, ಹಂಚಿನ ಮೇಲೆ ಮಳೆ. ಹಾಲು ಉಕ್ಕಿ ಒಲೆಗೆ ಬಿತ್ತು.

ಫಂಡುಗಳಲ್ಲಿ, ಬ್ಯಾಂಕಿನಲ್ಲಿ ಕೂಡಿದರೆ ಐದಕ್ಕೂ ಹೆಚ್ಚೇ ಇದೆ. ಬ್ಯಾಂಕಿನ ಖಾತೆ ಮೊದಲಿನಿಂದಲೂ ನಮ್ಮಿಬ್ಬರ ಹೆಸರಲ್ಲಿ. ಪಾಸ್‌ವರ್ಡ್ ಅವನ ತಲೆಯಲ್ಲಿ. ಧನ್ಯಶ್ರೀಗೆ ಫೋನು ಮಾಡಿದರೆ, "ಬೇಕಾರೆ ನಾ ಈಗ್ಳೇ ಬದ್ಲಿಸ್ತೆ ಅಮ್ಮ, ಒಂದ್ ನಿಮಿಷದ ಕೆಲ್ಸ," ಅಂದಳು.

ಬೇಡ ಅಂದೆ. ಯಾಕೆ ಬೇಡ ಅಂದೆ ಎಂದು ಆಗಿನಿಂದ ಯೋಚಿಸುತ್ತಿದ್ದೇನೆ. ನನ್ನ ಕೈಗೆ ಬಂದರೆ ನಾನು ಮತ್ತೆ ಮಾರಿಬಿಡುತ್ತೇನೆ, ಅದೇ ಕಾರಣ. ಇನ್ನೊಂದು, ಕೊಟ್ಟದ್ದನ್ನು ಹಿಂದಕ್ಕೆ ಕಿತ್ತುಕೊಂಡರೆ ಅವನು ಅಂಗಡಿಯಲ್ಲಿ ಕುಳಿತಿದ್ದರೂ ಕುಳಿತ ಹಾಗಲ್ಲ.

ಹೆದರಿಕೆ ಆಗುತ್ತಿದೆ. ಬರೆದುಬಿಟ್ಟೆ. ಫೋನು ಟಣ್ ಅಂದರೆ ಎದೆ ಹಾರುತ್ತದೆ. ಇವತ್ತು ಹಾರಿದ್ದು ಗ್ಯಾಸಿನವರ ಮೆಸೇಜಿಗೆ.

ಆಗಸ್ಟ್ 1, ಶುಕ್ರವಾರ

ಬೆಳಿಗ್ಗೆ ಎದ್ದಾಗ ಚಂದು ಹಾಸಿಗೆಯಲ್ಲಿ ಇರಲಿಲ್ಲ. ಇವತ್ತು ಕಡಲು ತೆರೆಯುವ ದಿನ. ಫೋನನ್ನು ಮನೆಯಲ್ಲೇ ಬಿಟ್ಟು ಹೋಗಿದ್ದ, ಮಾಡಬೇಕೆಂದರೂ ಮಾಡುವ ಹಾಗಿಲ್ಲ.

ಅಂಗಡಿ ತೆರೆದೆ. ಯಾರಿಗೆ ಏನು ತೂಗಿ ಕೊಟ್ಟೆನೋ ದೇವರಿಗೇ ಗೊತ್ತು. ಒಬ್ಬರು ಹೆಚ್ಚು ಕೊಟ್ಟೆ ಎಂದು ವಾಪಸು ತಂದು ಕೊಟ್ಟರು.

ಹನ್ನೊಂದರ ಹೊತ್ತಿಗೆ ಬಸ್ಸಿನಿಂದ ಇಳಿದ. ಅಂಗಿ ಒಣಗಿತ್ತು. ನೇರ ಬಂದು ಕತ್ತಿ ಎತ್ತಿಕೊಂಡು ಮೀನಿನ ಪರೆ ತೆಗೆಯಲು ಕುಳಿತ. ಬೋಟುಗಳನ್ನು ನೋಡಲು ಹೋಗಿದ್ದನಂತೆ. ಅಣ್ಣಯ್ಯನದು ಹೋಯಿತಂತೆ.

ಊಟಕ್ಕೆ ಮೊಟ್ಟೆ ಹೆಚ್ಚು ಹಾಕಿದೆ.

ಆಗಸ್ಟ್ 9, ಶನಿವಾರ

ನೂಲಹುಣ್ಣಿಮೆ. ಎಲ್ಲರ ಜೊತೆ ಕಡಲಿಗೆ ಹಾಲೆರೆದು ಕಾಯಿ ಬಿಡಲು ಇಬ್ಬರೂ ಹೋಗಿದ್ದೆವು. ಹೋದ ವರ್ಷದ ನಂತರ ನಾನು ಮರಳಿಗೆ ಕಾಲಿಟ್ಟದ್ದು ಇದೇ ಮೊದಲು. ಕಾಯಿ ಬಿಟ್ಟು ಚಂದು ಬಹಳ ಹೊತ್ತು ಕೈಮುಗಿದು ನಿಂತ. ನಾನು ಅವನ ಅಂಗಿಯ ತುದಿ ಹಿಡಿದುಕೊಂಡಿದ್ದೆ ಎಂದು ಆಮೇಲೆ ಗೊತ್ತಾಯಿತು.

ಜನ ಕರಗಿದ ಮೇಲೆ ಅಲ್ಲೇ ಕುಳಿತು ಹೇಳಿದ.

"ದೊಡ್ ಬೋಟಿಗೆ ನಾ ಇನ್ ಹೋತಿಲ್ಲೆ ರಾಜೀವಿ. ಅಣ್ಣಯ್ಯನಿಗೆ ಅವತ್ತೇ ಬ್ಯಾಡ ಅಂದಿದೆ. ಹೋದ್ರೆ ಪಕ್ಕದಗೆ ಕರಿಯ ಇಲ್ಲೆ. ಆರೆ ಅಂಗ್ಡೆಂಗ್ ಕೂಕಂಡೇ ಇಪ್ಪುಕೆ ನನ್ನಿಂದ್ ಆತಿಲ್ಲೆ. ನಮ್ ಕೇರಿ ಕುಷ್ಟ ಇದ್ನಲೆ, ಅವ್ನೂ ನಾನೂ ಸೇರಿ ಒಂದ್ ಸಣ್ ದೋಣಿ ಮಾಡುವ ಅಂತ. ದಡ ಕಾಂಬಷ್ಟೇ ದೂರ. ಬೆಳಿಗ್ಗಿ ಹೋದ್ರೆ ಮಧ್ಯಾಹ್ನಕ್ಕೆ ಬಪ್ಪುದ್." ಆಮೇಲೆ, "ದುಡ್ಡ್ ನಿನ್ ಹೆಸ್ರಲ್ ಇತ್ತ್. ನೀ ಬ್ಯಾಡ ಅಂದ್ರೆ ಬ್ಯಾಡ," ಅಂದ.

ಪಾಸ್‌ವರ್ಡ್ ಇಟ್ಟುಕೊಂಡವನು ನನ್ನನ್ನು ಕೇಳುತ್ತಿದ್ದಾನೆ.

ಬೇಡ ಅನ್ನಲು ಬಾಯಿ ತೆರೆದಿದ್ದೆ. ಆದರೆ ಲೆಕ್ಕ ಲೆಕ್ಕವೇ. ದೋಣಿ, ಎಂಜಿನ್ನು, ಬಲೆ, ಅವನ ಪಾಲಿಗೆ ಒಂದು ಲಕ್ಷ. ಹನ್ನೆರಡರಲ್ಲಿ ಒಂದು. ಆರು ಬಾಂಡಿನಲ್ಲಿ ಗಟ್ಟಿ ಕುಳಿತಿದೆ, ಇಂಡೆಕ್ಸಿಗೆ ತಿಂಗಳು ತಿಂಗಳು ಹೋಗುತ್ತಿದೆ, ಸಣ್ಣ ಫಂಡಿನ ಎರಡರಲ್ಲಿ ಒಂದು ತೆಗೆದರೂ ಆಸ್ಪತ್ರೆಗೆ ಒಂದು ಉಳಿಯುತ್ತದೆ. ವಾರದಲ್ಲಿ ನಾಲ್ಕು ದಿನ ದೋಣಿ, ಉಳಿದ ದಿನ ಅಂಗಡಿ. ಪೂರಾ ಒಂದೇ ಕಡೆ ಇಟ್ಟರೆ ಆಗುವುದಿಲ್ಲ ಎಂದು ಅವನಿಗೆ ವಿವರಿಸಿ ಹೇಳಿದೆ. ಅವನು ತಲೆ ಆಡಿಸಿ ಕೇಳಿಸಿಕೊಂಡ.

"ಲೈಫ್ ಜಾಕೆಟ್ ಹಾಕ್ಕಂಡೇ ಕೂಕಣ್ಕ್. ಮಡ್ಚಿ ತಲಿ ಅಡಿಗ್ ಇಟ್ಕಂಬುದಲ್ಲ."

"ಹಾಕ್ತೆ."

"ಅಳ್ವಿ ಬಾಯಿಗ್ ಹೋಪುಕಿಲ್ಲೆ."

"ಹೋತಿಲ್ಲೆ ಮಾರಾಯ್ತಿ."

ದುಡ್ಡನ್ನು ನೀನೇ ತೆಗೆ, ಪಾಸ್‌ವರ್ಡ್ ನಿನ್ನ ಹತ್ತಿರವೇ ಇದೆಯಲ್ಲ ಅಂದೆ. "ನೀ ಎದ್ರ್ ಇಪ್ಪತಿಗೇ ತೆಗಿತೆ," ಎಂದು ನನ್ನ ಫೋನು ತೆಗೆದುಕೊಂಡು ಅಲ್ಲೇ ಮರಳಿನ ಮೇಲೆ ಕುಳಿತು ಒತ್ತಿದ. ನಾನು ಕಡಲಿನ ಕಡೆ ಮುಖ ತಿರುಗಿಸಿಕೊಂಡೆ, ಪಾಸ್‌ವರ್ಡ್ ಕಾಣಬಾರದಲ್ಲ.

ಸೆಪ್ಟೆಂಬರ್ 26, ಶುಕ್ರವಾರ

ಬಹಳ ದಿನವಾಯಿತು ಬರೆದು. ದೋಣಿಯ ಮೀನು ಬರಲು ಶುರುವಾದ ಮೇಲೆ ಅಂಗಡಿಯಲ್ಲಿ ಉಸಿರಾಡಲು ಬಿಡುವಿಲ್ಲ. ಕಾರಿನವರು ಈಗ ಹೆಸರು ಹಿಡಿದು, ಚಂದಣ್ಣ ಹಿಡಿದದ್ದು ಇದೆಯಾ ಎಂದು ಕೇಳುತ್ತಾರೆ. ಅಂದು ಅಂಜಲ್ ಬೇಡ ಅನ್ನಿಸಿಕೊಂಡು ಹೋದವರೂ ಬರುತ್ತಾರೆ. ಅವರಿಗೆ ಒಂದು ರೂಪಾಯಿಯನ್ನೂ ಬಿಡುವುದಿಲ್ಲ.

ಇವತ್ತು ಮಧ್ಯಾಹ್ನ ಎದುರಿನ ಹೋಟೆಲಿನ ಟಿವಿಯಲ್ಲಿ ಮತ್ತೆ ಕೆಂಪು. ವಾರದಿಂದ ದಿನಾ ಇಳಿಯುತ್ತಿದೆಯಂತೆ. ಬ್ರಹ್ಮಾವರದಿಂದ ಮಗಳ ಫೋನು: "ಅಮ್ಮ, ಕಂಡ್ಯಾ? ಗಾಬ್ರಿ ಮಾಡ್ಕಣ್ಬೇಡ." ಇಳಿದರೆ ಈ ತಿಂಗಳ ಕಂತಿಗೆ ನಾಲ್ಕು ಪಾಲು ಹೆಚ್ಚು ಬಂತು, ನೀನು ನಿನ್ನ ಕೆಲಸ ಮಾಡು ಎಂದು ಫೋನಿಟ್ಟೆ. ಸಿಗಡಿ ಸುಲಿಯುವುದು ಬಾಕಿ ಇತ್ತು.

ಚಂದು, ಕುಷ್ಟ ಇವತ್ತು ತಡ. ಗಾಳಿ ಸ್ವಲ್ಪ ಇತ್ತು. ಎರಡು ಗಂಟೆ ಕಳೆದರೂ ಬಾರದ್ದು ನೋಡಿ ಪದ್ದು ತರಕಾರಿ ಬಿಟ್ಟು ಬಂದಳು. "ಎಂತ ಹೆಣೆ, ಒಂದ್ ಫೋನಾರೂ ಮಾಡುಕಾಗ್ದಾ? ನಿಂಗ್ ಹೆದ್ರಿಕಿ ಆತಿಲ್ಯಾ?"

"ಬಲಿ ಹಾಕಿರ್. ಬಲಿ ಹಾಕದ್ ಮೇಲೆ ಕಾಯ್ಕಲೆ," ಅಂದೆ. ಅವಳು ನನ್ನನ್ನು ಒಂಥರಾ ನೋಡಿ ಹೋದಳು. ಏನು ನೋಡಿದಳೋ!

ಮೂರರ ಮೇಲೆ ಬಂದರು, ಎರಡು ಬುಟ್ಟಿ ಬಂಗುಡೆ, ಒಂದಿಷ್ಟು ಕಾಣೆ ಮೀನು. ಚಂದು ಜಾಕೆಟ್ಟನ್ನು ಬಿಚ್ಚದೆಯೇ ಆಟೋದಿಂದ ಇಳಿದಿದ್ದ, ನನಗೆ ತೋರಿಸಲೆಂದೇ ಇರಬೇಕು. ಸಂಜೆಯೊಳಗೆ ಬುಟ್ಟಿ ಖಾಲಿ. ಕಾಣೆಯಲ್ಲಿ ದೊಡ್ಡ ಎರಡನ್ನು ಮನೆಗೆ ಎತ್ತಿಟ್ಟೆ, ಅಕ್ಕಿಹಿಟ್ಟು ಹಚ್ಚಿ ಕಾಯಿಸಿದೆ.

ಉಣ್ಣುವಾಗ ಅವನು, ಮಾರ್ಕೆಟ್ ಬಿದ್ದಿದೆಯಂತೆ, ತೆಗೆದು ತೋರಿಸಲಾ ಎಂದು ಕೇಳಿದ. ಕೈಯೆಲ್ಲ ಮೀನು, ನಾಳೆ ಕಾಣುವ ಅಂದೆ. ಪಾಸ್‌ವರ್ಡ್ ಏನು ಎಂದು ನಾನು ಇನ್ನೂ ಕೇಳಿಲ್ಲ.